ಕಳ್ಳ ಹೊತ್ತಿನ ಹದಿನೇಳನೇ ಮೇಜು

ತುಂಗಾ ಮಾಮಿ ನಾಲ್ಕಡಿ ಹತ್ತು ಅಂಗುಲ ಎತ್ತರವಿದ್ದರು. ಮೇಜಿನ ಮೇಲೆ ಎರಡು ಸಾಲು ಕುಂಡ ಜೋಡಿಸಿದರೆ ಹಿಂದೆ ಅವರ ಬಿಳಿ ತಲೆ ಮಾತ್ರ ಕಾಣುತ್ತಿತ್ತು. ಒಂದು ಹೆಣ್ಣುಮಕ್ಕಳ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದವರು. ಮದುವೆಯಾಗಿರಲಿಲ್ಲ. ತಿರುವಲ್ಲಿಕ್ಕೇಣಿಯ ಹಳೆಯ ಮನೆಯೊಂದರ ಮಹಡಿಯ ಮೇಲೆ ಎರಡು ಕೋಣೆ, ಮುಂದೆ ಹದಿನಾಲ್ಕಡಿ ಉದ್ದದ ತಾರಸಿ, ತಾರಸಿ ತುಂಬ ಗಿಡ. ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದ ಮಾಧ್ವರ ಮನೆ. ಅವರ ಕನ್ನಡದಲ್ಲಿ ನಾಲ್ಕು ಮಾತಿಗೆ ಒಂದು ತಮಿಳಿನದು.

ಗಿಡಗಳಿಗೆ ಚೀಟಿ ಬರೆಯುವುದರಲ್ಲಿ ಅವರನ್ನು ಮೀರಿಸಿದವರು ನಮ್ಮ ಸಂಘದಲ್ಲಿ ಇರಲಿಲ್ಲ. ಹೆಸರು, ಕತ್ತರಿಸಿದ ದಿನ, ಬೇರು ಬಿಟ್ಟ ದಿನ. ಯಾರಾದರೂ "ಇದು ಸುಮಾರು ಎರಡು ತಿಂಗಳ ಗಿಡವೋ ಮಾಮಿ?" ಎಂದರೆ, "ಸುಮಾರು ಯಾಕೆ, ಐವತ್ತೇಳು ದಿನ" ಎನ್ನುತ್ತಿದ್ದರು.

ನಮ್ಮದು ಮನೆಯಲ್ಲಿ ಗಿಡ ಬೆಳೆಸುವ ಹವ್ಯಾಸಿಗಳ ಸಂಘ. ವರ್ಷಕ್ಕೊಂದು ಸಮ್ಮೇಳನ, ಜನವರಿಯ ಎರಡನೇ ಭಾನುವಾರ, ವಡಪಳನಿಯ ಒಂದು ಕಲ್ಯಾಣ ಮಂಟಪದಲ್ಲಿ. ಧನುರ್ಮಾಸದಲ್ಲಿ ಮದುವೆಗಳಿಲ್ಲದ ಕಾರಣ ಮಂಟಪ ಅಗ್ಗಕ್ಕೆ ಸಿಗುತ್ತಿತ್ತು. ವೇದಿಕೆಯ ಮೇಲೆ ವಧೂವರರ ಎರಡು ಸಿಂಹಾಸನಗಳು ಬಟ್ಟೆ ಹೊದ್ದು ಕೂತಿರುತ್ತಿದ್ದವು. ಎದುರು ಗೋಡೆಗೆ ಸಮವಾಗಿ ಮೂವತ್ತು ಮೇಜು. ಮೇಜಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

ಮಾರಾಟ ಶುರುವಾಗುವ ಮುಂಚೆ, ಹನ್ನೊಂದು ಗಂಟೆಗೆ, ನಾವು ಒಂದು ಆಚಾರ ನಡೆಸುತ್ತಿದ್ದೆವು. ಅದರ ಹೆಸರು ಕಳ್ಳ ಹೊತ್ತು. ಕೊಟ್ಟ ಗಿಡಕ್ಕಿಂತ ಕದ್ದ ಗಿಡ ಚೆನ್ನಾಗಿ ಹತ್ತುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆಯಲ್ಲ, ಅದನ್ನೇ ಹಿರಿಯರು ಆಟವಾಗಿ ಮಾಡಿದ್ದರು. ಗಂಟೆ ಬಾರಿಸಿದ ಕೂಡಲೇ ಮೂವತ್ತು ಮೇಜಿನವರೂ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲಬೇಕು. ಉಳಿದವರು ಬಂದು ತಮಗೆ ಬೇಕಾದ ಒಂದು ಗಿಡ ಎತ್ತಿಕೊಂಡು, ಅದರ ಜಾಗದಲ್ಲಿ ತಮ್ಮದೊಂದು ಗಿಡ ಇಟ್ಟು ಹೋಗಬೇಕು. ಯಾರೂ ಮಾತಾಡಕೂಡದು, ಮೇಜಿನವರು ತಿರುಗಿ ನೋಡಕೂಡದು. ಐದು ನಿಮಿಷದ ನಂತರ ಇನ್ನೊಮ್ಮೆ ಗಂಟೆ. ಆ ಗಂಟೆ ಬಾರಿಸುವ ಕೆಲಸ ಕಾರ್ಯದರ್ಶಿಯಾದ ನನ್ನದು.

ಆ ಐದು ನಿಮಿಷ ಹೇಗಿರುತ್ತಿತ್ತೆಂದರೆ, ಹಾಡುಹಗಲು, ಮುನ್ನೂರು ಜನ, ಆದರೂ ಚಪ್ಪಲಿ ಸರಿಯುವ ಸದ್ದು ಮತ್ತು ಪ್ಲಾಸ್ಟಿಕ್ ಕವರಿನ ಸರಸರ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಮೂವತ್ತು ಜನ ಶಿಕ್ಷೆಗೆ ನಿಂತವರಂತೆ ಗೋಡೆ ನೋಡುತ್ತಿರುತ್ತಿದ್ದರು. ಹೊಸಬರು ಕೆಲವರು ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಡುತ್ತಿದ್ದುದುಂಟು. ಹದಿನಾರನೇ ಮೇಜಿನ ಗುಂಡಣ್ಣ, ಮೈಸೂರು ಕಡೆಯಿಂದ ವರ್ಗವಾಗಿ ಬಂದು ಪೋರೂರಿನಲ್ಲಿ ಮನೆ ಮಾಡಿದ್ದ ಬ್ಯಾಂಕಿನವರು, ಪ್ರತಿ ವರ್ಷ ಹೇಳುತ್ತಿದ್ದರು: "ಈ ಗೋಡೆ ಬಿರುಕೆಲ್ಲ ನಂಗೆ ಬಾಯಿಪಾಠ ಆಗೋಯ್ತು ಕಣ್ರೀ."

ಹದಿನೇಳನೆಯದು ತುಂಗಾ ಮಾಮಿಯ ಮೇಜು.

೧೯೯೯ರಲ್ಲಿ ಎರಡನೇ ಗಂಟೆ ಬಾರಿಸಿದಾಗ ಎಲ್ಲರೂ ತಿರುಗಿದರು, ಗದ್ದಲ ಶುರುವಾಯಿತು. ಮಾಮಿ ಮಾತ್ರ ಕುರ್ಚಿಯ ಮೇಲೆ ಕುಸಿದು ಕೂತರು. ನಾನು ನೀರು ತೆಗೆದುಕೊಂಡು ಹೋದೆ. ಅವರ ಎದುರು, ಯಾರೋ ಎತ್ತಿಕೊಂಡ ಬಿಗೋನಿಯಾದ ಜಾಗದಲ್ಲಿ, ಒಂದು ಪುಟ್ಟ ಕುಂಡವಿತ್ತು. ಅದರಲ್ಲಿ ಒಂದೇ ಒಂದು ಮರಿ. ಎಲ್ಲರೂ ಸ್ನೇಕ್ ಪ್ಲಾಂಟ್ ಎನ್ನುವ, ಎಲೆ ಕತ್ತಿಯಂತೆ ನೆಟ್ಟಗೆ ನಿಲ್ಲುವ ಗಿಡ. ಆದರೆ ನಾವು ಕಂಡ ಜಾತಿಗಳಲ್ಲಿ ಎಲೆಯ ಅಂಚು ಹಳದಿ ಇರುತ್ತದೆ. ಇದರಲ್ಲಿ ಅಂಚು ಹಸಿರು, ನಡುವೆ ಬೆರಳಗಲದ ಬೆಳ್ಳನೆಯ ಪಟ್ಟೆ.

"ಯಾರು ಇಟ್ರು?" ಎಂದರು ಮಾಮಿ.

"ನೋಡ್ಲಿಲ್ಲ ಮಾಮಿ. ಚೀಟಿ ಇಲ್ಲವಾ?"

"ಇದಕ್ಕೆ ಚೀಟಿ ಬೇಡ."

ಮುಂದಿನ ವಾರ ಅವರ ಮನೆಗೆ ಹೋದಾಗ ಕಾರಣ ಹೇಳಿದರು. ಆ ಪಟ್ಟೆಯ ಗಿಡ ಅವರ ತಾಯಿಯ ಕುಂಡದಲ್ಲಿ ತಾನಾಗಿ ಹುಟ್ಟಿದ್ದು, ೧೯೬೨ರಲ್ಲಿ. ಬೇರೆಲ್ಲೂ ಅದನ್ನು ಯಾರೂ ಕಂಡಿರಲಿಲ್ಲ. ಅವರ ಕಾಲೇಜಿನ ಪ್ರಾಧ್ಯಾಪಕರೂ ಕಂಡಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ಬೃಂದಾಳನ್ನು ಸಾಕಿ ಓದಿಸಿದವರು ತುಂಗಾ. ಬೃಂದಾ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆದಳು. ಅಲ್ಲಿಯ ಫಿಟ್ಟರ್ ಒಬ್ಬನನ್ನು, ಮೀನುಗಾರರ ಮನೆಯ ಹುಡುಗನನ್ನು, ಮದುವೆಯಾಗುತ್ತೇನೆಂದಳು. ೧೯೭೯ರ ಒಂದು ಬೆಳಿಗ್ಗೆ ತುಂಗಾ ಅವಳಿಗೆ ಹೇಳಿದರು: "ಹೋಗು. ಇನ್ನು ನಿನ್ನ ಮುಖ ನೋಡಲ್ಲ. ಅಮ್ಮನ ಮೇಲೆ ಆಣೆ." ಬೃಂದಾಳಿಗೆ ಆಗ ಇಪ್ಪತ್ತನಾಲ್ಕು.

"ಅವಳು ಒಂದು ಸೀರೆನೂ ತಗೊಂಡು ಹೋಗ್ಲಿಲ್ಲ," ಎಂದರು. "ಸಾಯಂಕಾಲ ನೋಡ್ತೀನಿ, ಅಮ್ಮನ ಕುಂಡದಿಂದ ಒಂದು ಮರಿ ಇಲ್ಲ. ಚೆನ್ನಾಗಿ ಬುಡ ಕೆದರಿ, ಗೆಡ್ಡೆ ನೇರ ಕತ್ತರಿಸಿ, ಗಾಯಕ್ಕೆ ಬೂದಿ ಹಚ್ಚಿ ಹೋಗಿದ್ಳು. ಅಮ್ಮ ಹೇಳಿಕೊಟ್ಟ ಹಾಗೇ."

ತುಂಗಾ ಉಳಿಸಿಕೊಂಡ ತಾಯಿ ಗಿಡ ೧೯೯೬ರ ಮಳೆಯಲ್ಲಿ ಬುಡ ಕೊಳೆತು ಹೋಯಿತು. ಅಲ್ಲಿಗೆ ಆ ಪಟ್ಟೆ ಈ ಊರಿನಲ್ಲಿ ಇರುವುದಾದರೆ ಒಬ್ಬಳ ಹತ್ತಿರ ಮಾತ್ರ. ಮಾಮಿ ಕುಂಡದಿಂದ ಮರಿಯನ್ನು ಮೆಲ್ಲಗೆ ಎತ್ತಿ ಬುಡ ತೋರಿಸಿದರು. ಗೆಡ್ಡೆಯ ನೇರ ಕಡಿತ. ಕಡಿತದ ಮೇಲೆ ಬೂದಿಯ ಮಾಸಲು ಬಣ್ಣ.

"ಮುಂದಿನ ವರ್ಷ ತಿರುಗಿ ನೋಡಿಬಿಡಿ ಮಾಮಿ. ಸಂಘದ ನಿಯಮ ನಾನು ನೋಡ್ಕೋತೀನಿ."

"ಸಂಘದ್ದು ಬಿಡು. ಅಮ್ಮನ ಆಣೆ ಯಾರು ನೋಡ್ಕೋತಾರೆ?" ಎಂದರು. ಮರಿಯನ್ನು ಕುಂಡಕ್ಕೆ ಮರಳಿಸುತ್ತ ಮತ್ತೆ ಹೇಳಿದರು: "ಅದಕ್ಕೇ ಅವಳು ಆ ಹೊತ್ತಿಗೇ ಬಂದದ್ದು. ನಾನು ಮುಖ ನೋಡದ ಹೊತ್ತು ಅದೊಂದೇ. ನೀನು ಎದುರು ವೇದಿಕೆ ಮೇಲೆ ಇರ್ತೀಯಲ್ಲ ವಿಷ್ಣು, ನೀನು ನೋಡು. ಹೇಗಿದಾಳೆ, ತಲೆ ನರೆತಿದೆಯಾ, ಅದೆಲ್ಲ ನಂಗೆ ಹೇಳ್ಬೇಡ. ಇದಾಳೆ ಅಂತ ಮಾತ್ರ ಹೇಳು."

೨೦೦೦ದ ಜನವರಿಯಲ್ಲಿ ನಾನು ಗಂಟೆ ಬಾರಿಸಿ ಹದಿನೇಳನೇ ಮೇಜಿನ ಮೇಲೆ ಕಣ್ಣಿಟ್ಟೆ. ಗಿಡ ತೆಗೆಯುವವರ ಬೆನ್ನು ವೇದಿಕೆಗಿರುವುದರಿಂದ ಮುಖ ಕಾಣುವುದಿಲ್ಲ. ಮೂರನೇ ನಿಮಿಷಕ್ಕೆ ಕಂದು ಬಣ್ಣದ ಹತ್ತಿ ಸೀರೆಯ ಹೆಂಗಸೊಬ್ಬಳು ಬಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಳು. ಬಾಳೆ ನಾರಿನಲ್ಲಿ ಕಟ್ಟಿದ ಪುಟ್ಟ ಕುಂಡ ಇಟ್ಟು, ಒಂದು ಗಿಡ ಎತ್ತಿಕೊಂಡಳು. ಆಮೇಲೆ ಹೋಗಲಿಲ್ಲ. ಮೇಜಿನ ಮೇಲೆ ಬಾಗಿ, ಹಸಿರು ಗಾಜಿನ ಬಳೆಯ ಕೈಯನ್ನು ಮಾಮಿಯ ಬೆನ್ನಿನ ಕಡೆಗೆ ಚಾಚಿದಳು. ನಡುವೆ ಒಂದು ಗೇಣು ಇರಬಹುದು. ಕೈ ಅಲ್ಲೇ ನಿಂತಿತು, ಮುಟ್ಟಲಿಲ್ಲ. ನನ್ನ ಗಡಿಯಾರದಲ್ಲಿ ಐದು ನಿಮಿಷ ಮುಗಿದು ನಲವತ್ತು ಸೆಕೆಂಡು ಕಳೆದ ಮೇಲೂ ನಾನು ಗಂಟೆ ಬಾರಿಸಲಿಲ್ಲ. ಅವಳು ಜನರಲ್ಲಿ ಸೇರಿಹೋದ ಮೇಲೆ ಬಾರಿಸಿದೆ.

"ಇದಾಳೆ," ಎಂದು ಮಾಮಿಗೆ ಹೇಳಿದೆ.

"ಬೆನ್ನಿನ ಹತ್ರ ಏನೋ ಬೆಚ್ಚಗಿತ್ತು," ಎಂದರು ಅವರು.

೨೦೦೧, ೨೦೦೨ರಲ್ಲೂ ಹೀಗೇ ನಡೆಯಿತು. ಅದೇ ಸೀರೆ, ಅದೇ ಬಳೆ, ಅದೇ ಚಾಚಿದ ಕೈ. ತಾರಸಿಯ ಮೇಲೆ ಪಟ್ಟೆಯ ನಾಲ್ಕು ಕುಂಡಗಳಾದವು. ಮಾಮಿ ನಿವೃತ್ತರಾದರು. ವರ್ಷದ ಉಳಿದ ದಿನಗಳೆಲ್ಲ ಅವರಿಗೆ ಆ ಐದು ನಿಮಿಷಕ್ಕಾಗಿ ಕಾಯುವ ದಿನಗಳಾದವು. ಮೇಜಿನ ಅಂಚಿನಲ್ಲಿ ಅವರು ಪ್ರತಿ ವರ್ಷ ತಮ್ಮಲ್ಲಿದ್ದ ಅತ್ಯುತ್ತಮ ಗಿಡವನ್ನೇ ಇಡುತ್ತಿದ್ದರು, ಅವಳ ಕೈಗೆ ಸುಲಭವಾಗಿ ಸಿಗಲೆಂದು.

ಇಲ್ಲೊಂದು ವಿಷಯ ಹೇಳಬೇಕು. ಈ ಗಿಡವನ್ನು ಎರಡು ಬಗೆಯಲ್ಲಿ ಹೆಚ್ಚಿಸಬಹುದು. ಎಲೆಯನ್ನು ತುಂಡು ಮಾಡಿ ಮಣ್ಣಿಗೆ ಚುಚ್ಚಿದರೆ ಆರೇಳು ತಿಂಗಳಲ್ಲಿ ಮರಿ ಬರುತ್ತದೆ. ಆದರೆ ಆ ಮರಿ ಬರೀ ಹಸಿರು. ಪಟ್ಟೆಯ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳು ಪದರವಾಗಿ ಕೂಡಿಕೊಂಡಿರುತ್ತವೆ. ತುಂಡಿನಿಂದ ಹೊಸದಾಗಿ ಹುಟ್ಟುವ ಮೊಳಕೆ ಒಂದೇ ಪದರದ್ದು. ಪಟ್ಟೆ ಉಳಿಯಬೇಕಾದರೆ ಬುಡ ಕೆದರಿ ಗೆಡ್ಡೆಯನ್ನೇ ಮರಿಯ ಸಮೇತ ಕತ್ತರಿಸಬೇಕು. ಗಿಡ ಸತ್ತೀತೆಂಬ ಭಯಕ್ಕೆ ಹೊಸಬರು ಬುಡ ಮುಟ್ಟುವುದಿಲ್ಲ, ಎಲೆ ಕತ್ತರಿಸುತ್ತಾರೆ.

೨೦೦೩ರ ಜನವರಿಯಲ್ಲಿ ಕಂದು ಸೀರೆ ಮೂರನೇ ನಿಮಿಷಕ್ಕೆ ಸರಿಯಾಗಿ ಬಂತು. ಕುಂಡ ಇಟ್ಟಿತು. ಕೈ ಚಾಚಿತು. ಹೋಯಿತು. ನಾನು ನಗುತ್ತಲೇ ಹದಿನೇಳನೇ ಮೇಜಿಗೆ ಹೋಗಿ, "ಇದಾಳೆ ಮಾಮಿ" ಎಂದೆ.

ಮಾಮಿ ಕುಂಡವನ್ನು ನೋಡುತ್ತಿದ್ದರು. ಮರಿ ಹಸಿರಾಗಿತ್ತು. ಪಟ್ಟೆ ಇರಲಿಲ್ಲ.

ಅವರು ಬೆರಳಿನಿಂದ ಮಣ್ಣು ಸರಿಸಿದರು. ಮರಿಯ ಬುಡದಲ್ಲಿ ಹಳೆಯ ಎಲೆಯ ತುಂಡು ಇನ್ನೂ ಅಂಟಿಕೊಂಡಿತ್ತು. ಆ ತುಂಡಿನ ನಡುವೆ ಬಿಳಿ ಪಟ್ಟೆ ಸ್ಪಷ್ಟವಾಗಿತ್ತು.

"ಯಾರು ಬಂದಿದ್ರು?" ಎಂದು ಕೇಳಿದರು.

"ಅವರೇ ಮಾಮಿ. ಅದೇ ಸೀರೆ. ಅದೇ ಬಳೆ."

"ಗಿಡ ನಮ್ಮದೇ. ಕೈ ಅವಳದ್ದಲ್ಲ."

"ಕೈನೋವು ಇರಬಹುದು, ಬೇರೆ ಯಾರ ಹತ್ರನೋ ಮಾಡಿಸಿರಬಹುದು..."

"ಎಂಟು ವರ್ಷದವಳಿದ್ದಾಗ ಇದನ್ನ ಕಲಿತವಳು. ಕೈ ಮುರಿದಿದ್ರೂ ಪಕ್ಕದಲ್ಲಿ ಕೂತು ಬೈದು ಮಾಡಿಸ್ತಿದ್ಳು." ಮಾಮಿ ಮಣ್ಣನ್ನು ಮತ್ತೆ ಮುಚ್ಚಿದರು. "ಸೀರೆ ಯಾರು ಬೇಕಾದ್ರೂ ಉಟ್ಕೋಬಹುದು, ವಿಷ್ಣು. ಅವಳಿಲ್ಲ."

ನಾನು ಒಪ್ಪಲಿಲ್ಲ. ನನ್ನ ಕಣ್ಣಾರೆ ನೋಡಿದ್ದೆ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಒಂದು ಸಂಗತಿ ನೆನಪಾಯಿತು. ಹಿಂದಿನ ವರ್ಷಗಳಲ್ಲಿ ಆ ಬಳೆಗಳು ಮುಂಗೈಗೆ ಬಿಗಿಯಾಗಿದ್ದವು. ಈ ಸಲ ಕೈ ಚಾಚಿದಾಗ ಅವು ಸಡಿಲವಾಗಿ ಬೆರಳ ಬುಡದವರೆಗೆ ಜಾರಿದ್ದವು.

೨೦೦೪ರಲ್ಲೂ ಕಂದು ಸೀರೆ ಬಂತು. ಮತ್ತೆ ಹಸಿರು ಮರಿ. ಆ ಸಲ ನಾನು ವೇದಿಕೆ ಇಳಿದು ಹೋಗಿ ಮುಖ ನೋಡಬಹುದಿತ್ತು. ಗಂಟೆ ಹಿಡಿದು ಅಲ್ಲೇ ನಿಂತೆ. ಮಾಮಿಯೂ ನೋಡು ಎನ್ನಲಿಲ್ಲ. ಹಸಿರಿನ ಎರಡು ಕುಂಡಗಳನ್ನು ಅವರು ತಾರಸಿಯ ಇನ್ನೊಂದು ತುದಿಯಲ್ಲಿ ಇಟ್ಟಿದ್ದರು. ನೀರು ಹಾಕುತ್ತಿದ್ದರು, ಚೀಟಿ ಮಾತ್ರ ಬರೆದಿರಲಿಲ್ಲ. "ಬೆನ್ನಿನ ಹತ್ರ ಈಗಲೂ ಬೆಚ್ಚಗೇ ಇರುತ್ತೆ," ಎಂದರು ಒಮ್ಮೆ. "ಅದೇ ನಂಗೆ ಅರ್ಥ ಆಗ್ತಿಲ್ಲ. ಯಾರಿಗೆ ನನ್ನ ಮೇಲೆ ಇಷ್ಟು ಆಸೆ?"

ಆ ವರ್ಷದ ಡಿಸೆಂಬರ್ ಇಪ್ಪತ್ತಾರಕ್ಕೆ ಸಮುದ್ರ ಊರೊಳಗೆ ಬಂತು. ಉತ್ತರದ ಕರಾವಳಿಯ ಗುಡಿಸಲುಗಳು ಕೊಚ್ಚಿಹೋದವೆಂದು ಪತ್ರಿಕೆಯಲ್ಲಿ ಬಂದಾಗ ಮಾಮಿ ಹೆಸರುಗಳ ಪಟ್ಟಿಯನ್ನು ಬೆರಳಿಟ್ಟು ಓದುತ್ತಿದ್ದರು. ತಂಗಿಯ ಬೀದಿ ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಗಂಡನ ಪೂರ್ತಿ ಹೆಸರೂ ಗೊತ್ತಿರಲಿಲ್ಲ.

ಜನವರಿ ಒಂಬತ್ತರ ಸಮ್ಮೇಳನದ ಬೆಳಿಗ್ಗೆ ಅವರು ನನ್ನ ಹತ್ತಿರ ಬಂದು, "ಇವತ್ತು ನಾನು ಕೈ ಎತ್ತೋ ತನಕ ಎರಡನೇ ಗಂಟೆ ಬಾರಿಸ್ಬೇಡ," ಎಂದರು. "ನಾನು ಮಾತಾಡ್ತೀನಿ."

"ತಿರುಗ್ತೀರಾ?"

"ತಿರುಗಲ್ಲ. ಮುಖ ನೋಡಲ್ಲ ಅಂತ ತಾನೇ ಅಂದಿದ್ದೆ. ಮಾತಾಡಲ್ಲ ಅನ್ನಲೇ ಇಲ್ಲವಲ್ಲ." ಹೊರಟವರು ನಿಂತು ತಿರುಗಿದರು. "ಅವಳು ಬಂದ ನಾಲ್ಕು ವರ್ಷದಲ್ಲಿ ಇದು ಹೊಳೆದಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಹನ್ನೊಂದಕ್ಕೆ ಗಂಟೆ ಬಾರಿಸಿದೆ. ಮೂವತ್ತು ಬೆನ್ನುಗಳು ತಿರುಗಿದವು. ಆ ವರ್ಷ ಜನ ಕಡಿಮೆ. ಮೊದಲನೇ ನಿಮಿಷ, ಎರಡನೇ ನಿಮಿಷ. ಮೂರನೆಯದು ಮುಗಿಯಿತು, ಯಾರೂ ಬರಲಿಲ್ಲ. ನಾಲ್ಕನೆಯದು ಅರ್ಧವಾದಾಗ ಬಾಗಿಲಿಂದ ಕಂದು ಸೀರೆ ಬೇಗಬೇಗ ನಡೆದು ಬಂತು. ಬಾಳೆ ನಾರಿನ ಕುಂಡ ಇಟ್ಟಿತು. ಬಾಗಿತು. ಕೈ ಚಾಚಿತು.

"ಯಾರದು?" ಎಂದರು ಮಾಮಿ, ಗೋಡೆಗೆ.

ಅಷ್ಟೂ ಜನರಿಗೆ ಕೇಳಿಸಿತು. ಚಪ್ಪಲಿಗಳ ಸದ್ದು ನಿಂತಿತು.

"ಎಲೆ ನೆಟ್ಟವರು ಯಾರು? ಹೇಳು, ನಾನು ತಿರುಗಲ್ಲ."

"ನಾನು," ಎಂದಿತು ಹಿಂದಿನ ದನಿ.

ಮಾಮಿ ಎರಡು ಅಂಗೈಯನ್ನೂ ಗೋಡೆಗೆ ಊರಿದರು. ಅವರ ತಲೆ ಮೆಲ್ಲಗೆ ಬಾಗಿ ಹಣೆ ಸುಣ್ಣಕ್ಕೆ ತಾಗಿತು. ಆಮೇಲೆ ಅವರು ನನಗೆ ಹೇಳಿದ್ದು: ಅದು ಬೃಂದಾಳ ದನಿ. ಸಂಶಯವೇ ಇರಲಿಲ್ಲ. ೧೯೭೯ರಲ್ಲಿ ಬಾಗಿಲು ದಾಟಿದ ದನಿ, ಒಂದು ದಿನವೂ ವಯಸ್ಸಾಗಿರಲಿಲ್ಲ. "ಬದುಕಿದ್ರೆ ಅವಳಿಗೆ ಐವತ್ತು. ಐವತ್ತರ ಹೆಂಗಸಿಗೆ ಇಪ್ಪತ್ತನಾಲ್ಕರ ದನಿ ಹೇಗಿರುತ್ತೆ? ಆವಾಗ್ಲೇ ಖಚಿತ ಆಯ್ತು, ಹೋಗಿಬಿಟ್ಟಿದಾಳೆ ಅಂತ."

"ಅವಳು ಯಾವಾಗ ಹೋದ್ಲು?" ಎಂದು ಕೇಳಿದರು ಗೋಡೆಯನ್ನು.

ದನಿ ತಮಿಳಿಗೆ ಹೊರಳಿತು. ಎರಡೂವರೆ ವರ್ಷದ ಹಿಂದೆ, ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲು ಮುಗಿಯುವ ಮುಂಚೆ. ಹೊಟ್ಟೆಯಲ್ಲಿ ಗಡ್ಡೆ. ತನ್ನ ಅಮ್ಮ ಬೃಂದಾ ಸಾಯುವ ಮುಂಚೆ ಮಾತು ತೆಗೆದುಕೊಂಡಿದ್ದಳು: ನಾನು ಹೋದದ್ದು ಅಕ್ಕನಿಗೆ ತಿಳಿಯಬಾರದು, ಪ್ರತಿ ವರ್ಷ ನನ್ನ ಸೀರೆ ಉಟ್ಟುಕೊಂಡು, ನನ್ನ ಬಳೆ ಹಾಕಿಕೊಂಡು, ಅವಳು ಬೆನ್ನು ತಿರುಗಿಸಿದಾಗ ಒಂದು ಗಿಡ ಇಟ್ಟು ಬಾ, ನಾನು ಇದ್ದೇನೆ ಅಂದುಕೊಂಡಿರಲಿ. 

"ಬೆನ್ನಿನ ಹತ್ರ ಬೆಚ್ಚಗೆ ಕೈ ತರೋದೂ ಅವಳು ಹೇಳಿಕೊಟ್ಟದ್ದೇ?" ಎಂದರು ಮಾಮಿ.

"ಇಲ್ಲ," ಎಂದಿತು ದನಿ. "ಅದು ನಾನೇ."

ದನಿ ಆಮೇಲೆ ಮಾಮಿಯನ್ನು ದೊಡ್ಡಮ್ಮನೆಂದು ತಮಿಳಿನಲ್ಲಿ ಕರೆಯಿತು.

"ದೊಡ್ಡ ಕುಂಡ ಮುಟ್ಟೋಕೆ ಭಯ ಆಯ್ತು ಪೆರಿಯಮ್ಮಾ. ಅಮ್ಮನದು ಅಂತ ಉಳಿದಿರೋದು ಅದೊಂದೇ. ಸತ್ತುಹೋದ್ರೆ? ಪಕ್ಕದ ಮನೆಯವರು ಎಲೆ ಚುಚ್ಚಿದ್ರೂ ಬರುತ್ತೆ ಅಂದ್ರು. ಬಂತು. ಬಿಳಿ ಯಾಕೆ ಬರಲಿಲ್ಲ ಅಂತ ಗೊತ್ತಾಗ್ಲಿಲ್ಲ."

ಗಡಿಯಾರ ಎಂಟು ನಿಮಿಷ ತೋರಿಸುತ್ತಿತ್ತು. ಹದಿನಾರನೇ ಮೇಜಿನಲ್ಲಿ ಗೋಡೆಗೆ ಮುಖ ಮಾಡಿಯೇ ಗುಂಡಣ್ಣ ಪಿಸುಗುಟ್ಟಿದರು: "ಗಂಟೆ ಹೊಡೀಬೇಡ್ರೀ, ನಾವು ನಿಂತಿರ್ತೀವಿ." ಯಾವ ಮೇಜಿನವರೂ ತಿರುಗಲಿಲ್ಲ.

ಮಾಮಿ ತಿರುಗಿದರು.

ಸೆರಗು ಜಾರಿತ್ತು. ನನಗೂ ಆಗ ಮೊದಲ ಸಲ ಪಕ್ಕದಿಂದ ಮುಖ ಕಂಡಿತು. ಇಪ್ಪತ್ತೆರಡರ ಹುಡುಗಿ. ಕಪ್ಪು ಬಣ್ಣ, ಅಗಲ ಮುಖ, ದಪ್ಪ ಹುಬ್ಬು. ಅಕ್ಕನಾಗಲಿ ತಂಗಿಯಾಗಲಿ ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ಪೂರಾ ತಂದೆಯ ಮುಖವಿರಬೇಕು. ಮಾಮಿ ಎರಡು ಗಳಿಗೆ ಆ ಮುಖದಲ್ಲಿ ಹುಡುಕಿದರು. ಸಿಗಲಿಲ್ಲ. ನಾನು ಎಣಿಸಿರದ ಕೆಲಸವೊಂದನ್ನು ಮಾಡಿದರು. ಮತ್ತೆ ಗೋಡೆಯ ಕಡೆ ತಿರುಗಿ ನಿಂತರು.

"ಮಾತಾಡು," ಎಂದರು. "ಅಕ್ಕಾ ಅನ್ನು. ಒಂದೇ ಸಲ. ಅಕ್ಕಾ ಅಂತ ಕರಿ."

ಬಟ್ಟೆ ಹೊದ್ದ ಎರಡು ಸಿಂಹಾಸನಗಳ ನಡುವೆ ಗಂಟೆ ಹಿಡಿದು ನಿಂತಿದ್ದ ನಾನು ಅದು ಸದ್ದಾಗದಂತೆ ಎದೆಗೆ ಒತ್ತಿಕೊಂಡೆ. ಆ ಹುಡುಗಿ ಬಾಯಿ ತೆರೆದು ಆ ಒಂದು ಪದ ಅಂದಿದ್ದರೆ ಬೃಂದಾ ಅಲ್ಲಿಗೆ ಬಂದೇ ಬಿಡುತ್ತಿದ್ದಳು. ಮಾಮಿ ಆಮೇಲೆ ಯಾವತ್ತೂ ಗೋಡೆ ಬಿಟ್ಟು ತಿರುಗುತ್ತಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹುಡುಗಿ ಅಳುತ್ತಿದ್ದಳು. ಬಾಯಿ ತೆರೆದಳು, ಮುಚ್ಚಿದಳು.

"ನಾನ್ ಅಮ್ಮಾ ಇಲ್ಲೆ, ಪೆರಿಯಮ್ಮಾ," ಎಂದಳು. ನಾನು ಅಮ್ಮ ಅಲ್ಲ, ದೊಡ್ಡಮ್ಮಾ.

ಗೋಡೆಗೆ ಊರಿದ್ದ ಕೈಗಳು ಒಂದೊಂದಾಗಿ ಇಳಿದವು. ಮಾಮಿ ಎರಡನೇ ಸಲ ತಿರುಗಿದರು. ಈ ಸಲ ಹುಡುಕಲಿಲ್ಲ, ಸುಮ್ಮನೆ ನೋಡಿದರು. ಕಾಲೇಜಿನಲ್ಲಿ ಗುರುತು ಸಿಗದ ಗಿಡ ಬಂದಾಗ ಹೀಗೇ ನೋಡುತ್ತಿದ್ದಿರಬೇಕು, ಅವಸರವಿಲ್ಲದೆ, ಕಾಂಡದಿಂದ ತುದಿಯವರೆಗೆ.

"ನಿನ್ನ ಹೆಸರೇನಮ್ಮಾ?"

"ಪೂಂಗೊಡಿ."

"ಏನು ಓದಿದೀಯ?"

"ಪ್ಲಸ್ ಟೂ. ರೆಡಿಮೇಡ್ ಕಂಪನಿಯಲ್ಲಿ ಕೆಲಸ."

"ಸಮುದ್ರ ಬಂದಾಗ?"

"ನೀರು ಮೊಣಕಾಲು ತನಕ ಬಂತು. ಕುಂಡ ಮಹಡಿ ಮೇಲೆ ಇತ್ತು. ಏನೂ ಆಗ್ಲಿಲ್ಲ."

"ಕುಂಡದ ಮಾತು ಯಾರು ಕೇಳಿದ್ರು? ಬೆಳಿಗ್ಗೆ ತಿಂಡಿ ತಿಂದೆಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಮಾಮಿ ಕೈ ಎತ್ತಿದರು. ನಾನು ಗಂಟೆ ಬಾರಿಸಿದೆ, ಹದಿಮೂರು ನಿಮಿಷಕ್ಕೆ. ಮೂವತ್ತು ಜನ ಕುತ್ತಿಗೆ ಹಿಡಿದುಕೊಂಡು ತಿರುಗಿದರು.

ಮಾಮಿ ಮೇಜನ್ನು ನನಗೆ ಒಪ್ಪಿಸಿ, ಮಧ್ಯಾಹ್ನದ ಮೊಸರನ್ನದ ಎರಡು ಪೊಟ್ಟಣ ಕೇಳಿ ಪಡೆದು, ಹುಡುಗಿಯ ಜೊತೆ ಬಾಗಿಲ ಹತ್ತಿರ ಹೋದರು. ಅಲ್ಲಿ ನಿಂತರು. ಅರವತ್ತೊಂದು ವರ್ಷ ಈ ಊರಿನಲ್ಲೇ ಬದುಕಿದ ಹೆಂಗಸು. ಇಪ್ಪತ್ತಾರು ವರ್ಷದಿಂದ ಒಂದು ದಿಕ್ಕಿಗೆ ಮಾತ್ರ ಹೋಗಿರಲಿಲ್ಲ.

"ತಿರುವೊಟ್ಟಿಯೂರಿಗೆ ಇಲ್ಲಿಂದ ಯಾವ ಬಸ್ಸೇ?" ಎಂದು ಕೇಳಿದರು.

"ಪ್ಯಾರೀಸ್ ಕಾರ್ನರ್‌ನಲ್ಲಿ ಇಳಿದು ಇನ್ನೊಂದು ಹಿಡೀಬೇಕು ಪೆರಿಯಮ್ಮಾ. ರೊಂಬ ದೂರ. ನಿಂತೇ ಹೋಗಬೇಕಾಗುತ್ತೆ."

"ನಿಲ್ಲೋಣ," ಎಂದರು ಮಾಮಿ.